ಬ್ಯುಸಿನೆಸ್ ಸ್ಕೂಲಿನಲ್ಲಿ ಸೀಟು ಸಿಕ್ಕಿದೆ, ಸೇರುವ ಮುಂಚೆ ಏನೇನು ನೋಡಬೇಕು?

ಸೀಟು_ಸಿಕ್ಕವಳು

ಎಲ್ಲರಿಗೂ ನಮಸ್ಕಾರ. ಎಂಜಿನಿಯರಿಂಗ್ ಮುಗಿಸಿ ಕೆಲವು ವರ್ಷ ಒಂದು ಫ್ಯಾಕ್ಟರಿಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಈಗ ಎಂಬಿಎಗೆ ಎರಡು ಕಡೆ ಸೀಟು ಸಿಕ್ಕಿದೆ. ಒಂದು, ದೊಡ್ಡ ವಿಶ್ವವಿದ್ಯಾಲಯದ ಒಳಗೇ ಇರುವ ಬ್ಯುಸಿನೆಸ್ ಸ್ಕೂಲು. ಎರಡು ವರ್ಷದ ಕೋರ್ಸು. ಇನ್ನೊಂದು, ಬರೀ ಮ್ಯಾನೇಜ್‌ಮೆಂಟ್ ಮಾತ್ರ ಕಲಿಸುವ ಸಂಸ್ಥೆ. ಅಲ್ಲಿ ಒಂದೇ ವರ್ಷಕ್ಕೆ ಮುಗಿಯುತ್ತದೆ.

ಎರಡರ ಬ್ರೋಷರ್ ತೆಗೆದರೂ ಒಂದೇ ತರ ಕಾಣುತ್ತದೆ. ಗಾಜಿನ ಕಟ್ಟಡ, ಲ್ಯಾಪ್‌ಟಾಪ್ ಮುಂದೆ ನಗುತ್ತಿರುವ ನಾಲ್ಕು ಜನ, ಕೆಳಗೆ ಸಂಬಳದ ಅಂಕಿ. ಮನೆಯಲ್ಲಿ ಕೇಳಿದರೆ ಪ್ಲೇಸ್‌ಮೆಂಟ್ ಎಲ್ಲಿ ಜಾಸ್ತಿಯೋ ಅಲ್ಲಿಗೆ ಹೋಗು ಅನ್ನುತ್ತಾರೆ. ಆದರೆ ಒಳಗೆ ಏನು ನಡೆಯುತ್ತದೆ ಅಂತ ನನಗೆ ಗೊತ್ತಾಗಬೇಕು. ಪಾಠ ಹೇಗಿರುತ್ತದೆ? ವಿಶ್ವವಿದ್ಯಾಲಯದ ಒಳಗಿದ್ದರೆ ನನಗೇನು ಲಾಭ? ಅಲ್ಲಿನ ಪ್ರೊಫೆಸರ್‌ಗಳು ಮಾಡುವ ಸಂಶೋಧನೆ ಬಗ್ಗೆ ಬ್ರೋಷರಿನಲ್ಲಿ ನಾಲ್ಕು ಪುಟ ಇದೆ, ಅದರಿಂದ ನನ್ನಂಥ ವಿದ್ಯಾರ್ಥಿಗೆ ಏನಾದರೂ ಸಿಗುತ್ತದಾ? ಓದಿದವರು, ಕಲಿಸುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ನೇರಮಾತು

ನಿಮ್ಮ ಮನೆಯವರು ಹೇಳಿದ್ದೇ ಸರಿ. ಕೆಲಸ ಬಿಟ್ಟು, ಸಾಲ ಮಾಡಿ ಹೋಗುತ್ತಿದ್ದೀರಿ. ರ‍್ಯಾಂಕಿಂಗ್ ನೋಡಿ, ಸಂಬಳ ನೋಡಿ, ಸೇರಿ. ಸಂಶೋಧನೆ ಪ್ರೊಫೆಸರ್‌ಗಳ ಬಡ್ತಿಗೆ ಬೇಕಾದದ್ದು, ನಮಗಲ್ಲ. ಒಂದು ವರ್ಷದ ಕೋರ್ಸು ಸೇರಿದರೆ ಒಂದು ವರ್ಷದ ಸಂಬಳ ಉಳಿಯುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪಾಠದ_ಮೇಷ್ಟ್ರು

ನಾನು ಒಂದು ವಿಶ್ವವಿದ್ಯಾಲಯದ ಬ್ಯುಸಿನೆಸ್ ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಸಂಬಳ ನೋಡಬೇಡಿ ಅಂತ ನಾನು ಹೇಳುವುದಿಲ್ಲ. ಸಾಲ ತೀರಿಸುವವರು ನೋಡಲೇಬೇಕು. ಆದರೆ ಸಂಬಳದ ಅಂಕಿ ಒಂದನ್ನೇ ನೋಡಿದರೆ, ಎರಡು ವರ್ಷ ನಿಮ್ಮ ಕೈಗೆ ಬರುವ ವಸ್ತು ಯಾವುದು ಅಂತ ನೋಡದೇ ದುಡ್ಡು ಕೊಟ್ಟ ಹಾಗೆ.

ಮೊದಲು ಸ್ವಲ್ಪ ಹಿನ್ನೆಲೆ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆ ತುಂಬ ಹಳೆಯದು. ವ್ಯಾಪಾರ ಕಲಿಸುವ ಶಾಲೆ ಪ್ಯಾರಿಸ್‌ನಲ್ಲಿ 1819ರಲ್ಲೇ ಶುರುವಾಗಿತ್ತು. ಈಗ ಅದರ ಹೆಸರು ಇಎಸ್‌ಸಿಪಿ. ಆದರೆ ಅದು ವಿಶ್ವವಿದ್ಯಾಲಯದ ಭಾಗ ಆಗಿರಲಿಲ್ಲ. ವಿಶ್ವವಿದ್ಯಾಲಯದ ಒಳಗೆ ವ್ಯಾಪಾರಕ್ಕೂ ಒಂದು ಜಾಗ ಬೇಕು ಅಂತ ಅಮೆರಿಕದ ಉದ್ಯಮಿ ಜೋಸೆಫ್ ವಾರ್ಟನ್ ದುಡ್ಡು ಕೊಟ್ಟು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಶಾಲೆ ಶುರು ಮಾಡಿಸಿದ್ದು 1881ರಲ್ಲಿ. 1900ರಲ್ಲಿ ಡಾರ್ಟ್‌ಮತ್‌ನ ಟಕ್ ಸ್ಕೂಲು ಬಂತು. 1908ರಲ್ಲಿ ಹಾರ್ವರ್ಡ್ ಎಂಬಿಎ ಅನ್ನುವ ಪದವಿ ಶುರು ಮಾಡಿತು. ಶಿಕಾಗೋ ವಿಶ್ವವಿದ್ಯಾಲಯ 1920ರಲ್ಲಿ ವ್ಯಾಪಾರ ವಿಷಯದಲ್ಲಿ ಪಿಎಚ್‌ಡಿ ಕೊಡಲು ಶುರು ಮಾಡಿತು, 1943ರಲ್ಲಿ ಕೆಲಸದಲ್ಲಿರುವ ಅಧಿಕಾರಿಗಳಿಗೆ ಎಕ್ಸಿಕ್ಯುಟಿವ್ ಎಂಬಿಎ ತಂದಿತು.

ಇಷ್ಟೆಲ್ಲ ಆದರೂ ಬೇರೆ ವಿಭಾಗದವರು ಈ ಶಾಲೆಗಳನ್ನು ಅಷ್ಟಾಗಿ ಗೌರವಿಸುತ್ತಿರಲಿಲ್ಲ. 1959ರಲ್ಲಿ ಫೋರ್ಡ್ ಫೌಂಡೇಶನ್ ಮತ್ತು ಕಾರ್ನೆಗಿ ಸಂಸ್ಥೆಯ ನೆರವಿನಿಂದ ಎರಡು ದೊಡ್ಡ ವರದಿಗಳು ಬಂದವು. ಬ್ಯುಸಿನೆಸ್ ಸ್ಕೂಲುಗಳಲ್ಲಿ ಪಾಠ ತೆಳು, ಮೇಷ್ಟ್ರುಗಳ ತಯಾರಿ ಕಡಿಮೆ, ಸಂಶೋಧನೆ ಇಲ್ಲ ಅಂತ ಎರಡೂ ನೇರವಾಗಿ ಹೇಳಿದವು. ಅಲ್ಲಿಂದ ಗಾಳಿ ತಿರುಗಿತು. ಅರ್ಥಶಾಸ್ತ್ರ, ಮನಶ್ಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಓದಿದವರನ್ನು ಮೇಷ್ಟ್ರುಗಳಾಗಿ ತೆಗೆದುಕೊಳ್ಳಲು ಶುರು ಮಾಡಿದರು. ಈಗಿನ ಬ್ಯುಸಿನೆಸ್ ಸ್ಕೂಲಿನ ಮುಖ ಅಲ್ಲಿಂದಲೇ ಬಂದದ್ದು. ಕೆಲಸ ಕಲಿಸಬೇಕಾ, ಜ್ಞಾನ ಹುಟ್ಟಿಸಬೇಕಾ ಅನ್ನುವ ಜಗಳ ಅವತ್ತಿನಿಂದ ಇವತ್ತಿನವರೆಗೂ ನಿಂತಿಲ್ಲ, ಈಗ ನೀವೂ ನೇರಮಾತು ಅವರೂ ಆಡುತ್ತಿರುವುದು ಅದೇ ಜಗಳ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ವಿಶ್ವವಿದ್ಯಾಲಯದ ಒಳಗಿದ್ದರೆ ಲಾಭ ಇದೆ, ಆದರೆ ಅದು ತಾನಾಗಿ ಬರುವುದಿಲ್ಲ. ಕಾನೂನು ವಿಭಾಗದ ಒಂದು ಪೇಪರ್, ಸಾರ್ವಜನಿಕ ಆರೋಗ್ಯದ ಒಂದು ಪೇಪರ್, ಕಂಪ್ಯೂಟರ್ ಸೈನ್ಸ್‌ನಲ್ಲಿ ಒಂದು ಪೇಪರ್ ತೆಗೆದುಕೊಳ್ಳಲು ಬಿಡುತ್ತಾರಾ? ಬಿಟ್ಟರೆ ಅದರ ಕ್ರೆಡಿಟ್ ನಿಮ್ಮ ಪದವಿಗೆ ಸೇರುತ್ತದಾ? ಎರಡೂ ವಿಭಾಗದ ಟೈಮ್‌ಟೇಬಲ್ ಹೊಂದುತ್ತದಾ? ಕೆಲವು ಕಡೆ ನಿಯಮದಲ್ಲಿ ಅವಕಾಶ ಇರುತ್ತದೆ, ಆದರೆ ಬ್ಯುಸಿನೆಸ್ ಸ್ಕೂಲಿನದ್ದು ಆರು ವಾರದ ಟರ್ಮು, ಉಳಿದವರದ್ದು ಸೆಮಿಸ್ಟರು. ಹೀಗಾಗಿ ಒಬ್ಬರೂ ಹೋಗಲು ಆಗುವುದಿಲ್ಲ. ಇದನ್ನು ಕೇಳಿ ತಿಳಿದುಕೊಳ್ಳಿ. ಕಳೆದ ವರ್ಷ ಎಷ್ಟು ಜನ ಬೇರೆ ವಿಭಾಗದ ಕ್ಲಾಸಿಗೆ ಹೋದರು ಅಂತ ನೇರವಾಗಿ ಕೇಳಿದರೆ ಸಾಕು, ಉತ್ತರದಲ್ಲೇ ಎಲ್ಲ ಗೊತ್ತಾಗುತ್ತದೆ.

ಸೀಟು_ಸಿಕ್ಕವಳು

ಸರ್, ತುಂಬ ಥ್ಯಾಂಕ್ಸ್. ಟೈಮ್‌ಟೇಬಲ್ ವಿಷಯ ನನ್ನ ತಲೆಗೇ ಹೊಳೆದಿರಲಿಲ್ಲ. ಇನ್ನೊಂದು ಭಯ ಇದೆ. ಅಲ್ಲಿ ಪಾಠ ಪೂರ್ತಿ ಕೇಸ್ ಮೆಥಡ್ ಅಂತ ಹಾಕಿದ್ದಾರೆ. ಕ್ಲಾಸಿನಲ್ಲಿ ಮಾತಾಡಿದ್ದಕ್ಕೇ ಅಂಕ ಅಂತೆ. ನಾನು ಎದ್ದು ನಿಂತು ಮಾತಾಡುವವಳಲ್ಲ. ಕೇಸ್ ಕ್ಲಾಸು ಅಂದರೆ ನಿಜಕ್ಕೂ ಏನು ನಡೆಯುತ್ತದೆ?

ಪಾಠದ_ಮೇಷ್ಟ್ರು

ಒಂದು ಕ್ಲಾಸನ್ನು ಇದ್ದ ಹಾಗೆ ಹೇಳುತ್ತೇನಮ್ಮ.

ಹಿಂದಿನ ದಿನ ಹತ್ತು ಹದಿನೈದು ಪುಟದ ಕೇಸ್ ಕೊಟ್ಟಿರುತ್ತೇವೆ. ಬೀಗ ತಯಾರಿಸುವ ಒಂದು ಕಂಪನಿ ಅಂತಿಟ್ಟುಕೊಳ್ಳಿ. ಕಂಪನಿಗೆ ಲಾಭ ಇದೆ, ಆದರೆ ಬ್ಯಾಂಕಿನಲ್ಲಿ ದುಡ್ಡಿಲ್ಲ. ಹೊಸ ದೊಡ್ಡ ಆರ್ಡರ್ ಬಂದಿದೆ, ಒಪ್ಪಿಕೊಳ್ಳಬೇಕಾ ಬೇಡವಾ? ಕೊನೆಯ ಮೂರು ಪುಟದಲ್ಲಿ ಲೆಕ್ಕದ ಪಟ್ಟಿಗಳು. ಕೊಠಡಿ ಕುದುರೆ ಲಾಳದ ಆಕಾರದಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. ಎಲ್ಲರಿಗೂ ಎಲ್ಲರ ಮುಖ ಕಾಣಲಿ ಅಂತಲೇ ಹಾಗೆ ಕಟ್ಟುತ್ತಾರೆ. ಎಲ್ಲರ ಮುಂದೆ ಅವರವರ ಹೆಸರಿನ ಫಲಕ.

ನಾನು ಒಬ್ಬರ ಹೆಸರು ಹಿಡಿದು ಕರೆಯುತ್ತೇನೆ. ನೀವು ಮಾಲೀಕರಾಗಿದ್ದರೆ ಏನು ಮಾಡುತ್ತಿದ್ದಿರಿ? ಅವರು ಆರ್ಡರ್ ಒಪ್ಪಿಕೊಳ್ಳುತ್ತೇನೆ ಅನ್ನುತ್ತಾರೆ. ಕಬ್ಬಿಣ ಕೊಳ್ಳಲು ದುಡ್ಡು ಎಲ್ಲಿಂದ ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಾರೆ. ಲೆಕ್ಕಪತ್ರ ಓದಿಕೊಂಡ ಒಬ್ಬರು ಪಟ್ಟಿ ತೆಗೆದು, ಗಿರಾಕಿಗಳು ದುಡ್ಡು ಕೊಡಲು ತೊಂಬತ್ತು ದಿನ ತೆಗೆದುಕೊಳ್ಳುತ್ತಾರೆ, ಕಬ್ಬಿಣದವರಿಗೆ ಮಾತ್ರ ಮೂವತ್ತು ದಿನದಲ್ಲಿ ಕೊಡಬೇಕು, ಹಾಗಾಗಿ ವ್ಯಾಪಾರ ಬೆಳೆದಷ್ಟೂ ಕೈ ಖಾಲಿಯಾಗುತ್ತದೆ ಅಂತ ತೋರಿಸುತ್ತಾರೆ. ಬೋರ್ಡಿನ ಮೇಲೆ ನಾನು ಆ ಅರವತ್ತು ದಿನದ ಅಂತರ ಬರೆಯುತ್ತೇನೆ. ಆಗ ಮಾರಾಟದ ಕೆಲಸ ಮಾಡಿ ಬಂದ ಹುಡುಗಿಯೊಬ್ಬಳು, ದೊಡ್ಡ ಗಿರಾಕಿಯ ಹತ್ತಿರ ಬೇಗ ದುಡ್ಡು ಕೊಡಿ ಅಂತ ಕೇಳುವುದು ನೀವಂದುಕೊಂಡಷ್ಟು ಸುಲಭ ಅಲ್ಲ, ಕೇಳಿದರೆ ಅವರು ಬೇರೆಯವರ ಹತ್ತಿರ ಹೋಗುತ್ತಾರೆ ಅನ್ನುತ್ತಾಳೆ. ಕ್ಲಾಸು ಎರಡು ಪಂಗಡ ಆಗುತ್ತದೆ. ಎಂಬತ್ತು ನಿಮಿಷ ಹೀಗೆ ನಡೆಯುತ್ತದೆ. ಕೊನೆಗೂ ನಾನು ಸರಿ ಉತ್ತರ ಇದು ಅಂತ ಹೇಳುವುದಿಲ್ಲ.

ಇಂಥ ಪಾಠವನ್ನು ಹಾರ್ವರ್ಡ್‌ನವರು ಕಾನೂನು ಶಾಲೆಯಿಂದ ತೆಗೆದುಕೊಂಡರು. ವ್ಯಾಪಾರದ ಕೇಸುಗಳನ್ನು 1920ರ ದಶಕದಲ್ಲಿ ಬರೆಯಲು ಶುರು ಮಾಡಿದರು. ಆಗಿನ ಡೀನ್ ವ್ಯಾಲೇಸ್ ಡೊನ್ಹಮ್ ಸ್ವತಃ ವಕೀಲಿಕೆ ಓದಿದವರು. ಈಗ ಅಲ್ಲಿ ಒಂದೊಂದು ಸೆಕ್ಷನ್ನಿನಲ್ಲಿ ಸುಮಾರು 90 ಜನ ಇರುತ್ತಾರೆ, ಎರಡು ವರ್ಷದಲ್ಲಿ ಸುಮಾರು 500 ಕೇಸ್ ಓದುತ್ತಾರೆ.

ನಿಮ್ಮ ಭಯದ ಬಗ್ಗೆ ಒಂದು ಮಾತು. ಜಾಸ್ತಿ ಮಾತಾಡಿದವರಿಗೆ ಜಾಸ್ತಿ ಅಂಕ ಅಂತೇನಿಲ್ಲ. ಮಾತಿನ ಮಲ್ಲರು ಮೊದಲ ತಿಂಗಳು ಮಿಂಚುತ್ತಾರೆ, ಆಮೇಲೆ ಕ್ಲಾಸಿಗೇ ಅವರ ಮಾತು ಬೇಸರ ಬರುತ್ತದೆ. ಪಟ್ಟಿಯಲ್ಲಿ ಎಲ್ಲರ ಕಣ್ಣು ತಪ್ಪಿದ ಒಂದು ಅಂಕಿ ಹಿಡಿದು ತೋರಿಸುವವರ ಮಾತಿಗೆ ಇಡೀ ಕೊಠಡಿ ತಿರುಗಿ ನೋಡುತ್ತದೆ. ನೀವು ಕ್ವಾಲಿಟಿ ವಿಭಾಗದವರು, ಅದು ನಿಮಗೆ ಬರುವ ಕೆಲಸವೇ ಅಲ್ವಾ? ಆದರೆ ಒಂದು ಎಚ್ಚರಿಕೆ. ಬರೀ ಕೇಸ್ ಸಾಲದು. ಸಂಖ್ಯಾಶಾಸ್ತ್ರ, ಹಣಕಾಸಿನ ಮೂಲ ಪಾಠಗಳನ್ನು ಚರ್ಚೆಯಿಂದ ಕಲಿಯಲಾಗುವುದಿಲ್ಲ. ಅವಕ್ಕೆ ಲೆಕ್ಕ ಮಾಡಿಸುವ ಮೇಷ್ಟ್ರು ಬೇಕು, ವಾರ ವಾರ ಮನೆಕೆಲಸ ಬೇಕು. ಎಲ್ಲ ವಿಷಯಕ್ಕೂ ಕೇಸ್ ಅನ್ನುವ ಶಾಲೆಯಾದರೆ ಲೆಕ್ಕ ಯಾರು ಕಲಿಸುತ್ತಾರೆ ಅಂತ ಕೇಳಿ.

ಲೆಕ್ಕದ_ಪುಸ್ತಕ

ರ‍್ಯಾಂಕಿಂಗ್ ಬಗ್ಗೆ ನಾನು ಹೇಳುತ್ತೇನೆ, ನನ್ನ ಕೆಲಸವೇ ಆಡಿಟ್.

ನೇರಮಾತು ಅವರೇ, ರ‍್ಯಾಂಕಿಂಗಿಗೆ ಬೇಕಾದ ಮಾಹಿತಿಯಲ್ಲಿ ತುಂಬ ಭಾಗ ಶಾಲೆಗಳೇ ಕೊಡುವುದು. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಬ್ಯುಸಿನೆಸ್ ಸ್ಕೂಲಿನ ಆನ್‌ಲೈನ್ ಎಂಬಿಎ 2015ರಿಂದ 2018ರವರೆಗೆ ಸತತ ನಾಲ್ಕು ವರ್ಷ ಒಂದು ಪ್ರಸಿದ್ಧ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಸೇರಿದವರೆಲ್ಲರೂ ಜಿಮ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆದಿದ್ದಾರೆ ಅಂತ ಶಾಲೆ ಹೇಳಿತ್ತು. ನಿಜದಲ್ಲಿ ಐದರಲ್ಲಿ ಒಂದು ಭಾಗದಷ್ಟು ಜನ ಮಾತ್ರ ಬರೆದಿದ್ದರು. ವಿಷಯ 2018ರಲ್ಲಿ ಹೊರಬಂತು. ಮಾಜಿ ಡೀನ್ ಮೇಲೆ ವಂಚನೆ ಕೇಸ್ ಆಯಿತು, 2021ರಲ್ಲಿ ತಪ್ಪಿತಸ್ಥ ಅಂತ ತೀರ್ಪು ಬಂತು, 2022ರಲ್ಲಿ 14 ತಿಂಗಳ ಜೈಲು ಶಿಕ್ಷೆ ಆಯಿತು. ಆ ನಾಲ್ಕು ವರ್ಷ ಪಟ್ಟಿ ನಂಬಿ ಸೇರಿದವರ ಗತಿ ಏನು? ನನಗೆ ಇದು ನೆನಪಾದಾಗಲೆಲ್ಲ ಸಿಟ್ಟು ಬರುತ್ತದೆ.

ಎಲ್ಲ ಪಟ್ಟಿಯೂ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಯಾವ ಪಟ್ಟಿ ಏನನ್ನು ಅಳೆಯುತ್ತದೆ ಅಂತ ಓದಿ. ಫೈನಾನ್ಷಿಯಲ್ ಟೈಮ್ಸ್ ಎಂಬಿಎ ಪಟ್ಟಿ, ಓದು ಮುಗಿದು ಮೂರು ವರ್ಷ ಆದವರನ್ನು ಕೇಳಿ ಮಾಡುವುದು. ಅದರಲ್ಲಿ ಸಂಬಳಕ್ಕೆ ತೂಕ ಜಾಸ್ತಿ. ಅಂದರೆ ಹಣಕಾಸು ಮತ್ತು ಕನ್ಸಲ್ಟಿಂಗ್‌ಗೆ ಜಾಸ್ತಿ ಜನರನ್ನು ಕಳಿಸುವ ಶಾಲೆ ಮೇಲೆ ಬರುತ್ತದೆ. ನೀವು ಫ್ಯಾಕ್ಟರಿ ನಡೆಸಲು ಹೊರಟಿದ್ದರೆ, ಆಸ್ಪತ್ರೆ ಆಡಳಿತಕ್ಕೆ ಹೊರಟಿದ್ದರೆ ಆ ಸ್ಥಾನ ನಿಮಗೆ ಅಷ್ಟೇನೂ ಹೇಳುವುದಿಲ್ಲ.

ಪ್ಲೇಸ್‌ಮೆಂಟ್ ವರದಿಯನ್ನೂ ಹಾಗೇ ಓದಬೇಕು. ದೊಡ್ಡಕ್ಷರದಲ್ಲಿ ಹಾಕುವುದು ಸರಾಸರಿ ಸಂಬಳ. ಇಬ್ಬರಿಗೆ ಸಿಕ್ಕಾಪಟ್ಟೆ ಸಂಬಳ ಬಂದರೆ ಸರಾಸರಿ ಮೇಲೇರುತ್ತದೆ. ಬೇಕಾದದ್ದು ಮೀಡಿಯನ್, ಅಂದರೆ ಸಂಬಳದ ಸಾಲಿನಲ್ಲಿ ಸರಿಯಾಗಿ ಮಧ್ಯ ನಿಂತವರದ್ದು. ಅದರ ಜೊತೆ ಕೆಳಗಿನ ಕಾಲು ಭಾಗದವರಿಗೆ ಎಷ್ಟು ಸಿಕ್ಕಿತು ಅನ್ನುವುದೂ ಬೇಕು. ಸಂಬಳ ಹೇಳಿದವರು ಒಟ್ಟು ಬ್ಯಾಚಿನಲ್ಲಿ ಎಷ್ಟು ಜನ? ಕೆಲಸ ಹುಡುಕುತ್ತಿಲ್ಲ ಅಂತ ಎಷ್ಟು ಜನರನ್ನು ಲೆಕ್ಕದಿಂದ ಹೊರಗಿಟ್ಟಿದ್ದಾರೆ? ಮೊದಲ ವರ್ಷ ಮಾತ್ರ ಸಿಗುವ ಜಾಯಿನಿಂಗ್ ಬೋನಸ್ ಸೇರಿಸಿದ್ದಾರಾ? ಮುಗಿದ ದಿನಕ್ಕೆ ಕೆಲಸ ಸಿಕ್ಕವರು ಎಷ್ಟು, ಮೂರು ತಿಂಗಳಿಗೆ ಎಷ್ಟು? ಮೊದಲೇ ಕೆಲಸ ಮಾಡುತ್ತಿದ್ದ ಕಂಪನಿಗೇ ವಾಪಸ್ ಹೋದವರು ಎಷ್ಟು? ಈ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೊಡುವ ಶಾಲೆಯನ್ನು ನಾನು ನಂಬುತ್ತೇನೆ.

ಮಾನ್ಯತೆ, ಅಂದರೆ ಶಾಲೆಯ ಮಟ್ಟ ನೋಡಿ ಹೊರಗಿನ ಸಂಸ್ಥೆಗಳು ಕೊಡುವ ಮುದ್ರೆ, ಅದರ ಬಗ್ಗೆಯೂ ಯಾರಾದರೂ ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ಎಎಸಿಎಸ್‌ಬಿ ಅಮೆರಿಕದ್ದು, 1916ರಲ್ಲಿ ಶುರುವಾದದ್ದು. ಎಎಂಬಿಎ ಬ್ರಿಟನ್ನಿನದ್ದು, 1967. ಇಕ್ವಿಸ್ ಯುರೋಪಿನದ್ದು, 1997. ಮೂರೂ ಇರುವ ಶಾಲೆಗೆ ಟ್ರಿಪಲ್ ಕ್ರೌನ್ ಅನ್ನುತ್ತಾರೆ. ಇದ್ದರೆ ಒಳ್ಳೆಯದು. ಕನಿಷ್ಠ ಮಟ್ಟ ಇದೆ ಅಂತ ಅರ್ಥ. ಎರಡು ಒಳ್ಳೆ ಶಾಲೆಗಳ ಮಧ್ಯೆ ಆರಿಸಲು ಮಾತ್ರ ಅದು ಸಹಾಯ ಮಾಡುವುದಿಲ್ಲ.

ನೇರಮಾತು

ಮೀಡಿಯನ್ ಮಾತು ಒಪ್ಪಿದೆ. ಟೆಂಪಲ್ ವಿಷಯ ಗೊತ್ತಿರಲಿಲ್ಲ. ಆದರೆ ಸಂಶೋಧನೆ ಬಗ್ಗೆ ನನ್ನ ಮಾತು ಬದಲಾಗಿಲ್ಲ. ನಾನು ಓದಿದ ಕಡೆ ದೊಡ್ಡ ಹೆಸರಿನ ಪ್ರೊಫೆಸರ್ ಒಬ್ಬರಿದ್ದರು. ಎರಡು ವರ್ಷದಲ್ಲಿ ನಮಗೆ ಒಂದು ಕ್ಲಾಸೂ ತೆಗೆದುಕೊಳ್ಳಲಿಲ್ಲ. ಅವರ ಲೇಖನ ಓದುವವರು ಅವರಂಥವರೇ. ಅದರಿಂದ ಕಂಪನಿಗೂ ಉಪಯೋಗ ಇಲ್ಲ, ವಿದ್ಯಾರ್ಥಿಗೂ ಉಪಯೋಗ ಇಲ್ಲ.

ಸೆಮಿನಾರ್_ಹಾಲ್

ನಾನು ಹಣಕಾಸಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನೇರಮಾತು ಅಣ್ಣ ಹೇಳಿದ ಮೊದಲ ಅರ್ಧ ನಿಜ. ಪಾಠ ಮಾಡದ ದೊಡ್ಡ ಹೆಸರುಗಳು ಇದ್ದೇ ಇರುತ್ತಾರೆ. ಅದಕ್ಕೇ ಸೇರುವ ಮುಂಚೆ ಮೊದಲ ವರ್ಷದ ಪೇಪರ್‌ಗಳನ್ನು ಯಾರು ಕಲಿಸುತ್ತಾರೆ ಅಂತ ಹೆಸರು ಸಮೇತ ಕೇಳಬೇಕು. ಎರಡನೇ ಅರ್ಧ ಮಾತ್ರ ನಾನು ಒಪ್ಪುವುದಿಲ್ಲ.

ಎರಡು ಉದಾಹರಣೆ ಕೊಡುತ್ತೇನೆ. 1960ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಬ್ಯುಸಿನೆಸ್ ಸ್ಕೂಲಿನಲ್ಲಿ ಜೇಮ್ಸ್ ಲೋರಿ ಅನ್ನುವವರು ಷೇರು ಬೆಲೆಗಳನ್ನು ಕೂಡಿಡುವ ಒಂದು ಕೇಂದ್ರ ಶುರು ಮಾಡಿದರು. ಷೇರಿನಲ್ಲಿ ದುಡ್ಡು ಹಾಕಿದರೆ ದೀರ್ಘಕಾಲಕ್ಕೆ ಎಷ್ಟು ಬರುತ್ತದೆ ಅನ್ನುವ ಪ್ರಶ್ನೆಗೆ ಆಗ ಯಾರ ಹತ್ತಿರವೂ ಗಟ್ಟಿ ಉತ್ತರ ಇರಲಿಲ್ಲ. ಹೇಳುವವರಿದ್ದರು, ಆದರೆ ಲೆಕ್ಕ ಇರಲಿಲ್ಲ. ಲೋರಿ ಮತ್ತು ಲಾರೆನ್ಸ್ ಫಿಶರ್ ನ್ಯೂಯಾರ್ಕ್ ಷೇರುಪೇಟೆಯ 1926ರಿಂದ ಆಚೆಗಿನ ಬೆಲೆಗಳನ್ನು ಒಂದೊಂದಾಗಿ ಕೂಡಿಸಿ, ತಪ್ಪು ತಿದ್ದಿ, ಬೋನಸ್ ಷೇರು, ಡಿವಿಡೆಂಡ್ ಎಲ್ಲ ಹೊಂದಿಸಿ 1964ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ದತ್ತಾಂಶದ ಮೇಲೆ ಎಷ್ಟೋ ಜನ ಕೆಲಸ ಮಾಡಿದರು. ಮಾರುಕಟ್ಟೆಯ ಬೆಲೆಗಳ ಮೇಲೆ ಕೆಲಸ ಮಾಡಿದ ಅದೇ ಶಾಲೆಯ ಯೂಜೀನ್ ಫಾಮಾ ಅವರಿಗೆ 2013ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಇವತ್ತು ಸಾಮಾನ್ಯ ಜನ ಷೇರುಪೇಟೆಯ ಸೂಚ್ಯಂಕವನ್ನೇ ಅನುಸರಿಸುವ ಇಂಡೆಕ್ಸ್ ಫಂಡಿನಲ್ಲಿ ಕಡಿಮೆ ಖರ್ಚಿಗೆ ದುಡ್ಡು ಹಾಕುತ್ತಾರಲ್ಲ, ಅದರ ಹಿಂದಿನ ವಿಚಾರ ಬೆಳೆದದ್ದು ಇಂಥ ಕೆಲಸದಿಂದಲೇ.

ಇನ್ನೊಂದು. ಅದೇ ಶಾಲೆಯ ರಿಚರ್ಡ್ ಥೇಲರ್, ಬೇರೆ ವಿಶ್ವವಿದ್ಯಾಲಯದ ಶ್ಲೋಮೋ ಬೆನಾರ್ಟ್ಜಿ ಜೊತೆ ಸೇರಿ ಪಿಂಚಣಿ ಉಳಿತಾಯದ ಮೇಲೆ ಕೆಲಸ ಮಾಡಿದರು. ಈಗ ಸಂಬಳದಿಂದ ಹಿಡಿಯಿರಿ ಅಂದರೆ ಯಾರೂ ಒಪ್ಪುವುದಿಲ್ಲ. ಮುಂದೆ ಸಂಬಳ ಏರಿದಾಗ, ಏರಿದ್ದರಲ್ಲಿ ಒಂದು ಭಾಗ ಹಿಡಿಯಲು ಈಗಲೇ ಒಪ್ಪಿಗೆ ಕೊಡಿ ಅಂದರೆ ಒಪ್ಪುತ್ತಾರೆ. ಮೊದಲು ಪ್ರಯತ್ನಿಸಿದ ಕಂಪನಿಯಲ್ಲಿ, ಈ ಯೋಜನೆ ಸೇರಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ 13.6ಕ್ಕೆ ಏರಿತು. ಲೇಖನ ಬಂದದ್ದು 2004ರಲ್ಲಿ. ಥೇಲರ್‌ಗೆ 2017ರಲ್ಲಿ ನೊಬೆಲ್ ಬಂತು. ಇದು ಕಂಪನಿಗೆ, ಕೆಲಸಗಾರರಿಗೆ ಉಪಯೋಗ ಇಲ್ಲದ್ದು ಅಂತ ಹೇಗೆ ಹೇಳುತ್ತೀರಿ?

ನೇರಮಾತು

ಎರಡೂ ಒಳ್ಳೆ ಉದಾಹರಣೆ, ಒಪ್ಪುತ್ತೇನೆ. ಆದರೆ ನಾನೂ ಒಂದು ಕೊಡುತ್ತೇನೆ. ಫಾರಂ ತುಂಬುವಾಗ ಸಹಿಯನ್ನು ಕೊನೆಗೆ ಹಾಕಿಸುವ ಬದಲು ಮೇಲೆಯೇ ಹಾಕಿಸಿದರೆ ಜನ ಜಾಸ್ತಿ ಪ್ರಾಮಾಣಿಕವಾಗಿ ತುಂಬುತ್ತಾರೆ ಅಂತ 2012ರಲ್ಲಿ ಒಂದು ಲೇಖನ ಬಂತು. ಬರೆದವರಲ್ಲಿ ದೊಡ್ಡ ದೊಡ್ಡ ಬ್ಯುಸಿನೆಸ್ ಸ್ಕೂಲಿನವರೇ ಇದ್ದರು. ಎಲ್ಲ ಕಡೆ ಅದನ್ನು ಪಾಠ ಮಾಡಿದರು. ಆಮೇಲೆ ನೋಡಿದರೆ ಒಂದು ಪ್ರಯೋಗದ ದತ್ತಾಂಶವೇ ಕೃತಕ ಅಂತ ಗೊತ್ತಾಯಿತು, 2021ರಲ್ಲಿ ಲೇಖನ ವಾಪಸ್ ತೆಗೆದುಕೊಂಡರು. ಪ್ರಾಮಾಣಿಕತೆ ಬಗ್ಗೆ ಬರೆದ ಲೇಖನದ ಕಥೆಯೇ ಹೀಗಾದರೆ ವಿದ್ಯಾರ್ಥಿ ಯಾವುದನ್ನು ನಂಬಬೇಕು?

ಸೆಮಿನಾರ್_ಹಾಲ್

ಆ ಪ್ರಕರಣದಿಂದ ನಮ್ಮ ಕ್ಷೇತ್ರಕ್ಕೆ ದೊಡ್ಡ ಪೆಟ್ಟು ಬಿತ್ತು. ಮುಚ್ಚಿಡುವಂಥದ್ದೇನಿಲ್ಲ. ಆದರೆ ಅದು ಹೊರಬಂದದ್ದು ಹೇಗೆ ಅಂತಲೂ ನೋಡಿ. ಮೊದಲು ಅದೇ ಲೇಖಕರು 2020ರಲ್ಲಿ ಪ್ರಯೋಗ ಮತ್ತೆ ಮಾಡಿದರು, ಫಲಿತಾಂಶ ಬರಲಿಲ್ಲ. ಬರಲಿಲ್ಲ ಅಂತಲೇ ಪ್ರಕಟಿಸಿದರು, ಹಳೆಯ ದತ್ತಾಂಶವನ್ನೂ ಬಹಿರಂಗವಾಗಿ ಇಟ್ಟರು. ಅದನ್ನು ಇಳಿಸಿಕೊಂಡು ನೋಡಿದ ಬೇರೆ ಸಂಶೋಧಕರಿಗೆ ಅನುಮಾನ ಬಂತು. ಕಾರು ವಿಮೆಯ ಫಾರಂನಲ್ಲಿ ಜನ ತುಂಬಿದ, ಅವರ ಕಾರುಗಳು ಓಡಿದ ದೂರದ ಪಟ್ಟಿ ಅದು. ನಿಜ ಜೀವನದಲ್ಲಿ ಕೆಲವರ ಕಾರು ಕಡಿಮೆ ಓಡುತ್ತದೆ, ತುಂಬ ಜನರದ್ದು ಮಧ್ಯಮ, ಕೆಲವರದ್ದು ಮಾತ್ರ ಜಾಸ್ತಿ. ಆ ಪಟ್ಟಿಯಲ್ಲಿ ಸೊನ್ನೆಯಿಂದ 50,000 ಮೈಲಿವರೆಗೆ ಎಲ್ಲ ದೂರಕ್ಕೂ ಹೆಚ್ಚುಕಡಿಮೆ ಒಂದೇ ಸಮ ಜನ ಇದ್ದರು, ಅದರ ಮೇಲೆ ಒಬ್ಬರೂ ಇರಲಿಲ್ಲ. ಹಾಗೆ ಯಾವ ಊರಿನಲ್ಲೂ ಕಾರು ಓಡುವುದಿಲ್ಲ.

ವಿದ್ಯಾರ್ಥಿಗೆ ಸಂಶೋಧನೆಯಿಂದ ಸಿಗುವ ದೊಡ್ಡ ಲಾಭ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಒಂದು ಅಂಕಿ ಮುಂದೆ ಬಂದಾಗ ಇದು ಎಲ್ಲಿಂದ ಬಂತು, ಹೀಗೆ ಇರಲು ಸಾಧ್ಯವಾ ಅಂತ ಕೇಳುವ ಅಭ್ಯಾಸ ಬೆಳೆಯುತ್ತದೆ. ನಮ್ಮ ಸೆಮಿನಾರಿಗೆ ಬಂದು ನೋಡಿ. ಹೊರಗಿನಿಂದ ಬಂದ ಪ್ರೊಫೆಸರ್ ಮೂರನೇ ಸ್ಲೈಡ್ ದಾಟಿರುವುದಿಲ್ಲ, ಆಗಲೇ ಪ್ರಶ್ನೆ ಶುರು. ಬ್ಯಾಂಕ್ ಸಾಲ ಜಾಸ್ತಿ ಸಿಕ್ಕ ಊರಿನಲ್ಲಿ ಅಂಗಡಿಗಳು ಬೆಳೆದವು ಅನ್ನುತ್ತೀರಿ, ಬೆಳೆಯುವ ಊರು ಅಂತ ಗೊತ್ತಿದ್ದೇ ಬ್ಯಾಂಕು ಅಲ್ಲಿ ಸಾಲ ಕೊಟ್ಟಿರಬಹುದಲ್ಲ? ಅರ್ಧ ಗಂಟೆ ಅದರ ಮೇಲೇ ಹೋಗುತ್ತದೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಒಂದು ಸಲ ಇಂಥ ಸೆಮಿನಾರಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ ಎಂಬಿಎ ವಿದ್ಯಾರ್ಥಿಗೆ ಮುಂದೆ ಕನ್ಸಲ್ಟೆಂಟ್ ಒಬ್ಬರು ತೋರಿಸುವ ಗ್ರಾಫು ಸುಮ್ನೆ ನುಂಗಲು ಆಗುವುದಿಲ್ಲ.

ಸೀಟು ಸಿಕ್ಕವರೇ, ಹೆಚ್ಚಿನ ಕಡೆ ಸೆಮಿನಾರಿಗೆ ಎಂಬಿಎಯವರು ಬರಬಾರದು ಅಂತ ನಿಯಮ ಇರುವುದಿಲ್ಲ. ಬರುವವರು ಇಲ್ಲ ಅಷ್ಟೇ. ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಯಾವ ಯಾವ ಡೇಟಾಬೇಸ್ ಇದೆ, ಎಂಬಿಎ ವಿದ್ಯಾರ್ಥಿಗೂ ಬಳಸಲು ಕೊಡುತ್ತಾರಾ ಅಂತ ಕೇಳಿ. ಜೋಸೆಫ್ ವಾರ್ಟನ್ ಶುರು ಮಾಡಿಸಿದ ಆ ಪೆನ್ಸಿಲ್ವೇನಿಯಾದ ಶಾಲೆಯವರು 1993ರಲ್ಲಿ ಶುರು ಮಾಡಿದ ಡಬ್ಲ್ಯುಆರ್‌ಡಿಎಸ್ ಅನ್ನುವ ದತ್ತಾಂಶ ವ್ಯವಸ್ಥೆಗೆ ಎಷ್ಟೋ ವಿಶ್ವವಿದ್ಯಾಲಯಗಳು ಚಂದಾದಾರರು. ಹೊರಗೆ ಒಬ್ಬರೇ ಕೊಳ್ಳಲು ಹೋದರೆ ಕೈಗೆಟುಕದ ದತ್ತಾಂಶ ಅದು. ಓದುತ್ತಿರುವಾಗ ಲಾಗಿನ್ ಮಾಡಿದರೆ ಸಿಗುತ್ತದೆ.

ಹಳೇ_ಬ್ಯಾಚು

ಕ್ಯಾಂಪಸ್ ಜೀವನದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಮೊದಲ ಎರಡು ತಿಂಗಳು ಉಸಿರಾಡಲು ಸಮಯ ಇರುವುದಿಲ್ಲ. ಬೆಳಗ್ಗೆ ಕ್ಲಾಸು, ಮಧ್ಯಾಹ್ನ ಕಂಪನಿಯವರ ಭಾಷಣ, ಸಂಜೆ ಕ್ಲಬ್ಬಿನ ಸಭೆ, ರಾತ್ರಿ ಗುಂಪಿನ ಕೆಲಸ. ಪಾಠ ಇನ್ನೂ ಶುರುವಾದ ಹಾಗೆ ಅನ್ನಿಸುವಷ್ಟರಲ್ಲಿ ಬೇಸಿಗೆ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವ ಗಲಾಟೆ ಶುರುವಾಗುತ್ತದೆ. ಎಲ್ಲರೂ ಕನ್ಸಲ್ಟಿಂಗ್ ಅಂದರೆ ನಾವೂ ಕನ್ಸಲ್ಟಿಂಗ್. ಬೇರೆ ಏನೋ ಮಾಡಬೇಕು ಅಂತ ಬಂದವರು ಮೂರನೇ ತಿಂಗಳಿಗೆ ಅದನ್ನು ಮರೆತಿರುತ್ತಾರೆ. ಅಕ್ಕ, ನೀವು ಯಾಕೆ ಹೋಗುತ್ತಿದ್ದೀರಿ ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೇ ಹೋಗಿ. ಆ ಗಲಾಟೆಯಲ್ಲಿ ಅದು ನಿಜಕ್ಕೂ ಬೇಕಾಗುತ್ತದೆ.

ಗುಂಪಿನ ಕೆಲಸ ಬ್ಯುಸಿನೆಸ್ ಸ್ಕೂಲಿನ ಜೀವ. ಐದು ಜನರ ಗುಂಪನ್ನು ಶಾಲೆಯೇ ಮಾಡುತ್ತದೆ, ನಿಮಗೆ ಬೇಕಾದವರನ್ನು ಆರಿಸಲು ಬಿಡುವುದಿಲ್ಲ. ಸೇನೆಯಿಂದ ಬಂದವರು ಒಬ್ಬರು, ಬ್ಯಾಂಕಿನವರು ಒಬ್ಬರು, ಸಂಗೀತ ಓದಿ ಬಂದವರು ಒಬ್ಬರು. ರಾತ್ರಿ ಹನ್ನೊಂದಕ್ಕೆ ಒಂದೇ ಸ್ಪ್ರೆಡ್‌ಶೀಟ್ ಮುಂದೆ ಐವರೂ ಕೂತಿರುತ್ತಾರೆ. ಬೆಳವಣಿಗೆ ದರ ಎಷ್ಟು ಹಾಕೋಣ ಅಂತ ವಾದ. ಶೇ. 8 ಅಂತ ಒಬ್ಬರು, 3 ಅಂತ ಇನ್ನೊಬ್ಬರು. ಆ ಒಂದು ಖಾನೆ ಬದಲಾಯಿಸಿದರೆ ಕಂಪನಿಯ ಬೆಲೆಯೇ ಮೇಲೆ ಕೆಳಗೆ ಆಗುತ್ತದೆ ಅಂತ ಎಲ್ಲರ ಕಣ್ಣಿಗೂ ಕಾಣುತ್ತದೆ. ಅವತ್ತು ಕಲಿತದ್ದು ಯಾವ ಪುಸ್ತಕದಲ್ಲೂ ಅಷ್ಟು ಚೆನ್ನಾಗಿ ತಲೆಗೆ ಹೋಗಿರಲಿಲ್ಲ.

ಕೆಲಸ ಮಾಡದೇ ಹೆಸರು ಹಾಕಿಸಿಕೊಳ್ಳುವವರು ಪ್ರತಿ ಗುಂಪಿನಲ್ಲೂ ಒಬ್ಬರು ಸಿಗುತ್ತಾರೆ. ಒಳ್ಳೆ ಶಾಲೆಗಳಲ್ಲಿ ಗುಂಪಿನವರೇ ಒಬ್ಬರಿಗೊಬ್ಬರು ಅಂಕ ಕೊಡುವ ಪದ್ಧತಿ ಇರುತ್ತದೆ, ಮಧ್ಯದಲ್ಲಿ ಒಮ್ಮೆ, ಕೊನೆಗೆ ಒಮ್ಮೆ. ಕೊನೆಗೆ ಮಾತ್ರ ಇದ್ದರೆ ಪ್ರಯೋಜನ ಕಡಿಮೆ. ಆಗ ಜಗಳ ಮುಗಿದಿರುತ್ತದೆ, ಕಲಿಯುವ ಅವಕಾಶವೂ ಮುಗಿದಿರುತ್ತದೆ.

ಕ್ಲಬ್ಬುಗಳಲ್ಲಿ ಒಂದು ಅಥವಾ ಎರಡು ಸಾಕು. ವಿದ್ಯಾರ್ಥಿಗಳೇ ನಿಜವಾದ ದುಡ್ಡು ನಿರ್ವಹಿಸುವ ಹೂಡಿಕೆ ನಿಧಿ ಕೆಲವು ವಿಶ್ವವಿದ್ಯಾಲಯಗಳಲ್ಲಿ ಇದೆ. ಸಿಕ್ಕರೆ ಬಿಡಬೇಡಿ. ಒಂದು ಷೇರು ಕೊಳ್ಳಲು ಸಮಿತಿ ಮುಂದೆ ನಿಂತು ಕಾರಣ ಕೊಡಬೇಕು, ಆರು ತಿಂಗಳಾದ ಮೇಲೆ ಬೆಲೆ ಬಿದ್ದಿದ್ದರೆ ಅದೇ ಸಮಿತಿ ಮುಂದೆ ಮತ್ತೆ ನಿಲ್ಲಬೇಕು. ಹೊಸ ಉದ್ದಿಮೆ ಶುರು ಮಾಡುವ ಆಸೆ ಇದ್ದರೆ ಎಂಜಿನಿಯರಿಂಗ್ ವಿಭಾಗದ ಲ್ಯಾಬುಗಳ ಕಡೆ ಹೋಗಿ. ಅಲ್ಲಿ ವಸ್ತು ಇರುತ್ತದೆ, ಮಾರಲು ಗೊತ್ತಿರುವವರು ಇರುವುದಿಲ್ಲ. ಬ್ಯುಸಿನೆಸ್ ಸ್ಕೂಲಿನಲ್ಲಿ ಮಾರುವವರು ಇರುತ್ತಾರೆ, ವಸ್ತು ಇರುವುದಿಲ್ಲ. ಮಧ್ಯೆ ಒಂದು ರಸ್ತೆ ಇರುತ್ತದೆ, ಅದನ್ನು ದಾಟುವವರು ತುಂಬ ಕಡಿಮೆ.

ಒಂದು ಕಷ್ಟದ ವಿಷಯವನ್ನೂ ಹೇಳಬೇಕು. ಕೆಲಸದ ಆಫರ್ ಬರುವ ದಿನಗಳಲ್ಲಿ ಹಾಸ್ಟೆಲ್ಲಿನಲ್ಲಿ ಕೆಲವರು ರೂಮಿನಿಂದ ಹೊರಗೇ ಬರುವುದಿಲ್ಲ. ಎಲ್ಲರಿಗೂ ಸಿಕ್ಕಿತು, ನನಗೆ ಮಾತ್ರ ಸಿಗಲಿಲ್ಲ ಅನ್ನುವ ಭಾವನೆ ಮನುಷ್ಯನನ್ನು ತುಂಬ ಒಳಗೆ ತಳ್ಳುತ್ತದೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಆಪ್ತಸಮಾಲೋಚಕರು ಇರುತ್ತಾರೆ. ಅಪಾಯಿಂಟ್‌ಮೆಂಟ್ ಎಷ್ಟು ದಿನದಲ್ಲಿ ಸಿಗುತ್ತದೆ ಅಂತ ಈಗಿನ ವಿದ್ಯಾರ್ಥಿಗಳನ್ನು ಕೇಳಿ. ಅದನ್ನು ಕೇಳಲು ನಾಚಿಕೆ ಬೇಡ.

ಸೀಟು_ಸಿಕ್ಕವಳು

ಅಬ್ಬಾ, ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ತುಂಬ ಥ್ಯಾಂಕ್ಸ್. ಇನ್ನೊಂದೇ ಪ್ರಶ್ನೆ. ಅದೇ ವಿಶ್ವವಿದ್ಯಾಲಯದಲ್ಲಿ ಆಪರೇಷನ್ಸ್‌ನಲ್ಲಿ ಎಂಎಸ್ಸಿ ಇದೆ, ಒಂದು ವರ್ಷದ್ದು. ಫೀಸೂ ಕಡಿಮೆ. ನನ್ನ ಕೆಲಸಕ್ಕೆ ಅದು ಹತ್ತಿರ. ಎಂಬಿಎ ಬಿಟ್ಟು ಅದಕ್ಕೆ ಹೋಗಬಹುದಾ?

ಪಾಠದ_ಮೇಷ್ಟ್ರು

ಒಳ್ಳೆ ಪ್ರಶ್ನೆ, ಇದನ್ನು ಜನ ಕೇಳುವುದೇ ಇಲ್ಲ. ಎಂಬಿಎ ಅಗಲ, ಎಂಎಸ್ಸಿ ಆಳ. ಎಂಬಿಎಯಲ್ಲಿ ಲೆಕ್ಕಪತ್ರ, ಮಾರ್ಕೆಟಿಂಗ್, ಹಣಕಾಸು, ಆಪರೇಷನ್ಸ್, ಜನರನ್ನು ನಡೆಸುವುದು ಎಲ್ಲವನ್ನೂ ಒಂದೊಂದು ಪೇಪರ್ ಮುಟ್ಟುತ್ತೀರಿ. ಎಂಎಸ್ಸಿಯಲ್ಲಿ ದಾಸ್ತಾನು ಎಷ್ಟಿರಬೇಕು, ಸಾಲು ಯಾಕೆ ಉದ್ದವಾಗುತ್ತದೆ, ಯಂತ್ರಗಳಿಗೆ ಕೆಲಸ ಹೇಗೆ ಹಂಚಬೇಕು ಅನ್ನುವುದರ ಗಣಿತಕ್ಕೆ ಇಳಿಯುತ್ತೀರಿ. ಸಾಮಾನ್ಯವಾಗಿ ಎಂಎಸ್ಸಿಗೆ ಆಗಷ್ಟೇ ಪದವಿ ಮುಗಿಸಿದವರು ಬರುತ್ತಾರೆ, ಎಂಬಿಎಗೆ ಕೆಲಸದ ಅನುಭವ ಇದ್ದವರು. ಜೊತೆಗೆ ಕೂರುವವರು ಯಾರು ಅನ್ನುವುದೂ ಪಾಠದಷ್ಟೇ ಮುಖ್ಯ.

ನೀವು ಇದೇ ಕ್ಷೇತ್ರದಲ್ಲಿ ಇನ್ನೂ ಮೇಲಕ್ಕೆ ಹೋಗಬೇಕು ಅಂದರೆ ಎಂಎಸ್ಸಿ ಸಾಕು, ಸಾಲವೂ ಕಡಿಮೆ. ಕ್ಷೇತ್ರ ಬದಲಾಯಿಸಬೇಕು, ಅಥವಾ ಒಂದು ಇಡೀ ಘಟಕ ನಡೆಸಬೇಕು ಅಂದರೆ ಎಂಬಿಎ. ಅದರಲ್ಲೂ ಬೇಸಿಗೆ ಇಂಟರ್ನ್‌ಶಿಪ್ ಇರುವ ಎರಡು ವರ್ಷದ್ದು ಕ್ಷೇತ್ರ ಬದಲಿಸುವವರಿಗೆ ಒಳ್ಳೆಯದು, ಯಾಕೆಂದರೆ ಹೊಸ ಕೆಲಸವನ್ನು ಒಮ್ಮೆ ಮಾಡಿ ನೋಡಲು ಸಿಗುವ ಅವಕಾಶ ಅದೊಂದೇ. ಒಂದು ವರ್ಷದ ಕೋರ್ಸುಗಳಲ್ಲಿ ಬಹಳ ಕಡೆ ಅದು ಇರುವುದಿಲ್ಲ. ಇದ್ದ ಕ್ಷೇತ್ರದಲ್ಲೇ ಮುಂದುವರಿಯುವವರಿಗೆ ಒಂದು ವರ್ಷ ಸಾಕು, ಇದರಲ್ಲಿ ನೇರಮಾತು ಅವರ ಲೆಕ್ಕ ಸರಿ.

ನೇರಮಾತು

ಮೇಷ್ಟ್ರೇ, ಇಲ್ಲಿ ನಮ್ಮಿಬ್ಬರದ್ದೂ ಒಂದೇ ಮಾತಾಯಿತು. ಸೀಟು ಸಿಕ್ಕವರೇ, ಮೊದಲು ಕ್ಷೇತ್ರ ಬದಲಿಸುತ್ತೀರಾ ಇಲ್ಲವಾ ಅನ್ನುವುದನ್ನು ತೀರ್ಮಾನ ಮಾಡಿಕೊಳ್ಳಿ. ಉಳಿದದ್ದು ಆಮೇಲೆ.

ಸೀಟು_ಸಿಕ್ಕವಳು

ಬದಲಿಸಬೇಕು ಅಂತ ಇಲ್ಲ. ಫ್ಯಾಕ್ಟರಿ ಬಿಡುವ ಮನಸ್ಸಿಲ್ಲ, ಆದರೆ ಕ್ವಾಲಿಟಿ ವಿಭಾಗದಿಂದ ಹೊರಗೆ ಬಂದು ಇಡೀ ಘಟಕ ನೋಡಿಕೊಳ್ಳುವ ಆಸೆ ಇದೆ. ಹಾಗಾಗಿ ಎಂಬಿಎಯೇ ಸರಿ ಅನ್ನಿಸುತ್ತಿದೆ, ವಿಶ್ವವಿದ್ಯಾಲಯದ್ದು. ಎಂಎಸ್ಸಿಯ ಎರಡು ಪೇಪರ್‌ಗಳನ್ನು ಎಂಬಿಎ ಒಳಗೇ ತೆಗೆದುಕೊಳ್ಳಲು ಆಗುತ್ತದಾ ಅಂತ ಶಾಲೆಗೆ ಬರೆದು ಕೇಳಿದ್ದೇನೆ. ಲೆಕ್ಕದ ಪುಸ್ತಕ ಅವರ ಪ್ರಶ್ನೆಗಳನ್ನೂ ಎರಡೂ ಕಡೆಗೆ ಕಳಿಸಿದ್ದೇನೆ. ಒಂದು ಕೇಸ್ ಕ್ಲಾಸಿನಲ್ಲಿ ಕೂತು ನೋಡಲು ಅನುಮತಿ ಕೇಳಿದೆ, ಮುಂದಿನ ವಾರ ಬನ್ನಿ ಅಂದಿದ್ದಾರೆ.

ಪಾಠದ_ಮೇಷ್ಟ್ರು

ಹೋಗಿ ಬನ್ನಿ. ಕೇಸನ್ನು ಮೊದಲೇ ಕಳಿಸಿ ಅಂತ ಕೇಳಿ, ಓದಿಕೊಂಡು ಹೋಗಿ. ಓದದೇ ಕೂತರೆ ಬರೀ ಗಲಾಟೆ ಅನ್ನಿಸುತ್ತದೆ. ಕ್ಲಾಸು ಮುಗಿದ ಮೇಲೆ ಆಫೀಸಿನವರು ಗೊತ್ತು ಮಾಡಿದ ವಿದ್ಯಾರ್ಥಿಯ ಜೊತೆ ಮಾತ್ರ ಮಾತಾಡಬೇಡಿ, ಹೊರಗೆ ಬರುವ ಬೇರೆ ಯಾರನ್ನಾದರೂ ನಿಲ್ಲಿಸಿ ಮಾತಾಡಿ. ಎರಡನೇ ವರ್ಷದವರಾದರೆ ಇನ್ನೂ ಒಳ್ಳೆಯದು. ಪೇಪರ್ ವಿಷಯದಲ್ಲಿ ಶಾಲೆಯಿಂದ ಏನು ಉತ್ತರ ಬಂತು ಅಂತ ಇಲ್ಲೇ ಹಾಕಿ, ಬೇರೆಯವರಿಗೂ ಉಪಯೋಗ ಆಗುತ್ತದೆ.